ಮಿದುಳಿನ ಪೊರೆಯಲ್ಲಿ ಕಪ್ಪು ಗಡ್ಡೆ



ಒಮ್ಮೆ ನಿಮ್ಮ ಕೈ ನೋಡಿಕೊಳ್ಳಿ. ತೋಳು ನೋಡಿ. ಎಲ್ಲಾದರೂ ಒಂದು ಕಪ್ಪು ಮಚ್ಚೆ ಉಂಟಲ್ಲವೇ? ಮಚ್ಚೆಯೇ ಇಲ್ಲದ ಮೈ ಸಿಗುವುದು ಕಷ್ಟ. ಕೆನ್ನೆಯಲ್ಲಿದ್ದರೆ ಚಂದ ಅನ್ನುತ್ತೇವೆ. ಅಂಗಾಲಿನಲ್ಲಿದ್ದರೆ "ಇವಳಿಗೆ ತಿರುಗಾಟ ಜಾಸ್ತಿ" ಅಂತ ನಗುತ್ತೇವೆ.

ಈ ಕಪ್ಪು ಎಲ್ಲಿಂದ ಬಂತು? ನಮ್ಮ ಚರ್ಮದಲ್ಲಿ ಬಣ್ಣ ಮಾಡುವ ಜೀವಕಣಗಳಿವೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಮಾಡುವ ಬಣ್ಣದ ಹೆಸರು ಮೆಲನಿನ್. ಬಿಸಿಲಿನಲ್ಲಿ ಕೆಲಸ ಮಾಡಿದರೆ ಮುಖ ಕಪ್ಪಾಗುವುದು ಇದರಿಂದ. ಕೂದಲು ಕಪ್ಪಾಗಿರುವುದೂ ಇದರಿಂದಲೇ. ಇಂತಹ ಕಣಗಳು ಒಂದೇ ಕಡೆ ಗುಂಪು ಕೂಡಿದರೆ ಅದು ಮಚ್ಚೆ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಈ ಬಣ್ಣದ ಕಣಗಳು ತಲೆಬುರುಡೆಯ ಒಳಗೂ ಇವೆ. ಬಿಸಿಲು ಎಂದೂ ಬೀಳದ ಜಾಗ ಅದು. ಅಲ್ಲಿ ಮಿದುಳಿಗೆ ಸುತ್ತಿದ ಪೊರೆಯಲ್ಲಿ ಅವು ಕೂತಿವೆ. ನನಗೂ ಇವೆ, ನಿಮಗೂ ಇವೆ. ಅವುಗಳಿಂದ ತೊಂದರೆ ಏನೂ ಇಲ್ಲ. ಆದರೆ ಬಹಳ ಬಹಳ ಅಪರೂಪಕ್ಕೆ ಅಲ್ಲಿ ಒಂದು ಕಪ್ಪು ಗಡ್ಡೆ ಬೆಳೆಯುತ್ತದೆ. ಅದರ ವಿಷಯ ಈ ಪಾಠದಲ್ಲಿ ಓದೋಣ.

ಹಲಸಿನ ಬೀಜದ ಹಾಗೆ

ಮಳೆಗಾಲದಲ್ಲಿ ಹಲಸಿನ ಬೀಜ ಸುಲಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೀಜದ ಮೇಲೆ ಮೊದಲು ಒಂದು ಬಿಳಿ ಸಿಪ್ಪೆ. ಅದು ಸ್ವಲ್ಪ ಗಟ್ಟಿ. ಒಣಗಿದ ಮೇಲೆ ಸುಲಿದರೆ ಬರುತ್ತದೆ. ಅದರ ಒಳಗೆ ಕಂದು ಬಣ್ಣದ ತೆಳು ಸಿಪ್ಪೆ. ಅದು ಬೀಜಕ್ಕೆ ಅಂಟಿಕೊಂಡೇ ಇರುತ್ತದೆ. ಉಗುರಿನಿಂದ ಕೆರೆದರೂ ಪೂರ್ತಿ ಬರುವುದಿಲ್ಲ.

ಮಿದುಳಿಗೂ ಹೀಗೆಯೇ ಪೊರೆಗಳಿವೆ. ಎರಡಲ್ಲ, ಮೂರು. ಹೊರಗಿನದು ದಪ್ಪ, ಚರ್ಮದ ಹಾಗೆ ಗಟ್ಟಿ. ನಡುವಿನದು ಜೇಡರ ಬಲೆಯ ಹಾಗೆ ತೆಳು. ಒಳಗಿನದು ಇನ್ನೂ ತೆಳು. ಮಿದುಳಿನ ಮಡಿಕೆ ಮಡಿಕೆಗೂ ಇಳಿದು ಅಂಟಿಕೊಂಡಿರುತ್ತದೆ. ಬಣ್ಣದ ಕಣಗಳು ಇರುವುದು ಒಳಗಿನ ಈ ಎರಡು ತೆಳು ಪೊರೆಗಳಲ್ಲಿ. ಮಿದುಳಿನ ತಳಭಾಗದಲ್ಲಿ, ಕತ್ತಿನ ಹತ್ತಿರ, ಅವು ಹೆಚ್ಚು. ಇದೇ ಪೊರೆಗಳು ಕೆಳಗೆ ಬೆನ್ನುಹುರಿಗೂ ಸುತ್ತಿಕೊಂಡಿವೆ.

ಈ ತೆಳು ಪೊರೆಗಳ ನಡುವೆ ತಿಳಿನೀರು ಹರಿಯುತ್ತದೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಸುಮಾರು 150 ಮಿಲಿ ಲೀಟರ್, ಅಂದರೆ ಒಂದು ಲೋಟದಷ್ಟು. ಆದರೆ ಇದು ನಿಂತ ನೀರಲ್ಲ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸ ನೀರು ಹುಟ್ಟುತ್ತದೆ. ಹಳೆಯದು ರಕ್ತಕ್ಕೆ ಸೇರಿ ಹೋಗುತ್ತದೆ. ಅಡಿಕೆ ತೋಟದ ಕಣಿಯಲ್ಲಿ ನೀರು ಹರಿದ ಹಾಗೆ. ಕಣಿಗೆ ಸೋಗೆ ಬಿದ್ದು ಕಟ್ಟಿಕೊಂಡರೆ ಏನಾಗುತ್ತದೆ? ನೀರು ಮೇಲೇರುತ್ತದೆ, ತೋಟ ಜೌಗಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಿದುಳನ್ನು ಕಣ್ಣಾರೆ ನೋಡಬೇಕೇ? ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಒಂದು ಮಿದುಳು ಸಂಗ್ರಹಾಲಯ ಉಂಟು. ಅದನ್ನು ಕಟ್ಟಿ ಬೆಳೆಸಿದವರು ಡಾ. ಎಸ್.ಕೆ. ಶಂಕರ್. ಸತ್ತವರ ಮನೆಯವರು ದಾನ ಕೊಟ್ಟ ಮಿದುಳುಗಳನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ದೊಡ್ಡವರ ಮಿದುಳು ತೂಗುವುದು ಸುಮಾರು ಒಂದೂಕಾಲು ಕಿಲೋ. ಇಡೀ ಸಂಸಾರದ ಚಿಂತೆ ಅಷ್ಟರಲ್ಲೇ ಹಿಡಿಸಬೇಕು!

ತಾಯಿಯ ಮೇಲೆ ಹೊರಿಸುವ ತಪ್ಪು

ಕೆಲವು ಮಕ್ಕಳು ಹುಟ್ಟುವಾಗಲೇ ಮೈಮೇಲೆ ಮಚ್ಚೆ ಇರುತ್ತದೆ. ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಸಣ್ಣ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಅದರಲ್ಲಿ ಹೆದರುವಂಥದ್ದು ಇಲ್ಲ. ಆದರೆ ಸುಮಾರು 20,000 ಮಕ್ಕಳಲ್ಲಿ ಒಂದಕ್ಕೆ ಬಹಳ ದೊಡ್ಡ ಮಚ್ಚೆ ಇರುತ್ತದೆ. ಬೆನ್ನು ತುಂಬ, ಸೊಂಟದ ಸುತ್ತ, ಕೆಲವೊಮ್ಮೆ ತಲೆಯ ಮೇಲೆ. ಕಪ್ಪಾಗಿ, ದಪ್ಪವಾಗಿ, ಕೂದಲೂ ಇರುತ್ತದೆ. ಸುತ್ತಲೂ ಚಿಕ್ಕ ಚಿಕ್ಕ ಮಚ್ಚೆಗಳು ಚೆಲ್ಲಿರುತ್ತವೆ.

ಅಂತಹ ಮಗು ಹುಟ್ಟಿದ ಮನೆಯಲ್ಲಿ ಮಾತು ಹೇಗೆ ಬರುತ್ತದೆ? ನಿಮಗೆ ಗೊತ್ತಿದ್ದದ್ದೇ.

"ಗ್ರಹಣದ ದಿನ ಅಂಗಳಕ್ಕೆ ಇಳಿಯಬೇಡ ಅಂತ ನಾನು ಆಗಲೇ ಹೇಳಿದ್ದೆ."

"ನಾನು ಇಳಿಯಲಿಲ್ಲ ಅತ್ತೆ. ಬಾಗಿಲು ಹಾಕಿ ಒಳಗೇ ಕೂತಿದ್ದೆ."

"ಮತ್ತೆ ಈ ಮಗುವಿಗೆ ಎಂತ ಆದದ್ದು? ನಿನ್ನ ತಾಯಿ ಮನೆಯ ಕಡೆ ಏನೋ ದೋಷ ಉಂಟು."

ಬಾಣಂತಿ ಏನು ಹೇಳಿಯಾಳು? ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾಳೆ. ಈ ಕಾಯಿಲೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವುದು ಇದೇ.

ಈಗ ನಿಜ ಏನು ನೋಡೋಣ. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಆ ದಿನ ಜಿಲ್ಲೆಯಲ್ಲಿ ಬಸುರಿಯರು ಎಷ್ಟು ಜನ ಇದ್ದಿರಬೇಡ? ಗ್ರಹಣದಿಂದ ಮಚ್ಚೆ ಬರುವುದಾದರೆ ಊರೂರಿಗೆ ಅಂತಹ ಮಕ್ಕಳು ಹುಟ್ಟಬೇಕಿತ್ತು. ಗ್ರಹಣವೇ ಕಾಣದ ವರ್ಷ, ಗ್ರಹಣವೇ ಕಾಣದ ದೇಶದಲ್ಲೂ ಅಂತಹ ಮಕ್ಕಳು ಹುಟ್ಟುತ್ತಾರೆ.

ನೇಜಿ ನೆಟ್ಟವರು ಇದನ್ನು ಕೇಳಿ. ಒಂದೇ ಮಡಿಯಿಂದ ನೇಜಿ ಕಿತ್ತು ಹತ್ತು ಗದ್ದೆಗೆ ನೆಡುತ್ತೇವೆ. ಹೊಟ್ಟೆಯೊಳಗಿನ ಮಗುವಿನಲ್ಲೂ ಹಾಗೆಯೇ. ಮೊದಲ ತಿಂಗಳುಗಳಲ್ಲಿ ಮಗುವಿನ ಬೆನ್ನಿನ ನಡುಗೆರೆಯಲ್ಲಿ ಒಂದು ಮಡಿ ಇರುತ್ತದೆ. ಬಣ್ಣದ ಕಣಗಳು ಅಲ್ಲಿಂದಲೇ ಹೊರಡುತ್ತವೆ. ಕೆಲವು ಚರ್ಮಕ್ಕೆ ಹೋಗುತ್ತವೆ. ಕೆಲವು ಕಣ್ಣಿಗೆ. ಕೆಲವು ಮಿದುಳಿನ ಪೊರೆಗೆ. ಮಡಿಯಲ್ಲಿರುವಾಗಲೇ ಒಂದು ಕಣದಲ್ಲಿ ಸಣ್ಣ ಹೆಚ್ಚುಕಮ್ಮಿ ಆಯಿತು ಅನ್ನಿ. ಅದರ ಮರಿಗಳು ಹೋಗಿ ಬೇರೂರಿದಲ್ಲೆಲ್ಲ ಆ ಹೆಚ್ಚುಕಮ್ಮಿ ಇರುತ್ತದೆ. ಚರ್ಮದಲ್ಲಿ ದೊಡ್ಡ ಮಚ್ಚೆ ಆಗುತ್ತದೆ. ಕೆಲವು ಮಕ್ಕಳಲ್ಲಿ ಮಿದುಳಿನ ಪೊರೆಯಲ್ಲೂ ಕಪ್ಪು ಸೇರುತ್ತದೆ.

ಚರ್ಮ ಮತ್ತು ಮಿದುಳು ಎರಡರಲ್ಲೂ ಹೀಗೆ ಕಪ್ಪು ಇರುವುದನ್ನು 1861ರಲ್ಲಿ ವಿಯೆನ್ನಾ ಊರಿನ ರೊಕಿಟಾನ್ಸ್ಕಿ ಎಂಬ ವೈದ್ಯರು ಬರೆದಿಟ್ಟರು. ಏಕೆ ಹೀಗೆ ಅಂತ ತಿಳಿಯಲು ಮತ್ತೆ 150 ವರ್ಷ ಬೇಕಾಯಿತು. 2013ರಲ್ಲಿ ಲಂಡನ್ನಿನ ವೈದ್ಯೆ ವೆರೋನಿಕಾ ಕಿನ್ಸ್‌ಲರ್ ಮತ್ತು ಅವರ ಸಂಗಡಿಗರು ಇಂತಹ ಮಕ್ಕಳನ್ನು ಪರೀಕ್ಷೆ ಮಾಡಿದರು. ಮಚ್ಚೆಯಲ್ಲಿ ಇದ್ದ ಹೆಚ್ಚುಕಮ್ಮಿಯೇ ಮಿದುಳಿನ ಕಪ್ಪಿನಲ್ಲೂ ಸಿಕ್ಕಿತು. ಆದರೆ ಅದೇ ಮಗುವಿನ ರಕ್ತದಲ್ಲಿ ಅದು ಇರಲಿಲ್ಲ. ಇದರ ಅರ್ಥ ಏನು? ಅದು ತಾಯಿಯಿಂದ ಬಂದದ್ದಲ್ಲ, ತಂದೆಯಿಂದಲೂ ಬಂದದ್ದಲ್ಲ. ಬಸಿರು ನಿಂತ ಮೇಲೆ ಮಗುವಿನ ಒಂದು ಕಣದಲ್ಲಿ ತಾನಾಗಿ ಆದದ್ದು. ತಾಯಿ ತಿಂದದ್ದರಿಂದ ಅಲ್ಲ, ನೋಡಿದ್ದರಿಂದ ಅಲ್ಲ, ಗ್ರಹಣದಿಂದ ಅಲ್ಲ.

ಚರ್ಮದಲ್ಲಿ ಏನಾದರೂ ಕಂಡರೆ ನಮ್ಮ ಕಡೆ ನಾಗದೋಷ ಅನ್ನುವವರು ಬಹಳ. ಕುಕ್ಕೆ ಸುಬ್ರಹ್ಮಣ್ಯ ನಮ್ಮ ಕಡಬ ತಾಲೂಕಿನಲ್ಲೇ ಉಂಟು. ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ. ಆದರೆ ಹರಕೆ ತೀರಿಸಿದ ಮೇಲೆ ಡಾಕ್ಟರ ಹತ್ತಿರ ಹೋಗೋಣ ಅಂತ ಕಾಯಬೇಡಿ.

ಏಕೆ ಅಂದರೆ ಇಂತಹ ಮಗುವಿನ ಮಿದುಳಿನ ಚಿತ್ರ ತೆಗೆಯಲು ಒಳ್ಳೆಯ ಸಮಯ ಹುಟ್ಟಿದ ಮೊದಲ ಆರು ತಿಂಗಳು. ಮಗು ಬೆಳೆದ ಹಾಗೆ ಮಿದುಳಿನ ನರಗಳ ಮೇಲೆ ಕೊಬ್ಬಿನ ಪದರ ಕಟ್ಟುತ್ತದೆ. ಆಮೇಲೆ ಕಪ್ಪು ಕಣಗಳು ಚಿತ್ರದಲ್ಲಿ ಮರೆಯಾಗಬಹುದು. ದೊಡ್ಡ ಮಚ್ಚೆ ಇರುವ ಹೆಚ್ಚಿನ ಮಕ್ಕಳಿಗೆ ಮಿದುಳಿನ ತೊಂದರೆ ಬರುವುದಿಲ್ಲ. ಮಚ್ಚೆ ಬಹಳ ದೊಡ್ಡದಾಗಿದ್ದರೆ, ಜೊತೆಗೆ ಸಣ್ಣ ಮಚ್ಚೆಗಳು ಹಲವು ಇದ್ದರೆ, ಎಚ್ಚರ ಜಾಸ್ತಿ ಬೇಕು.

ಗಡ್ಡೆ ಎಂದರೆ ಏನು?

ಮಿದುಳಿನ ಪೊರೆಯಲ್ಲಿ ಬೆಳೆಯುವ ಎಲ್ಲ ಗಡ್ಡೆಯೂ ಕಪ್ಪು ಗಡ್ಡೆ ಅಲ್ಲ. ಅಲ್ಲಿ ಹೆಚ್ಚಾಗಿ ಬರುವುದು ಮೆನಿಂಜಿಯೋಮಾ ಎಂಬ ಬೇರೆ ಗಡ್ಡೆ. ಅದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬಹುತೇಕ ಅದು ಕ್ಯಾನ್ಸರ್ ಅಲ್ಲ, ನಿಧಾನ ಬೆಳೆಯುತ್ತದೆ.

ಕಪ್ಪು ಗಡ್ಡೆಯಲ್ಲಿ ಮುಖ್ಯವಾಗಿ ಎರಡು ತರ. ಒಂದರ ಹೆಸರು ಮೆಲನೋಸೈಟೋಮಾ. ಇದು ಸೌಮ್ಯ. ಒಂದೇ ಕಡೆ ನಿಧಾನ ಬೆಳೆಯುತ್ತದೆ. ಇನ್ನೊಂದು ಮೆಲನೋಮಾ. ಇದು ಕ್ಯಾನ್ಸರ್. ಬೇಗ ಬೆಳೆಯುತ್ತದೆ. ಪೊರೆಯ ಉದ್ದಕ್ಕೂ, ಆ ತಿಳಿನೀರಿನ ಜೊತೆ, ಬೆನ್ನುಹುರಿಯವರೆಗೂ ಹರಡಬಹುದು.

ಮಿದುಳಿನ ಪೊರೆಯಲ್ಲೇ ಹುಟ್ಟುವ ಮೆಲನೋಮಾ ಎಷ್ಟು ಅಪರೂಪ? ವರ್ಷಕ್ಕೆ ಎರಡು ಕೋಟಿ ಜನರಲ್ಲಿ ಸುಮಾರು ಒಬ್ಬರಿಗೆ ಅಂತ ವೈದ್ಯರ ಲೆಕ್ಕ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ ಸುಮಾರು 6 ಕೋಟಿ 11 ಲಕ್ಷ. ಆ ಲೆಕ್ಕದಲ್ಲಿ ರಾಜ್ಯಕ್ಕೆಲ್ಲ ವರ್ಷಕ್ಕೆ ಮೂರು ಜನ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸೇರಿ ಒಂದು ತಲೆಮಾರಿಗೆ ಒಬ್ಬರು ಸಿಕ್ಕರೆ ಹೆಚ್ಚು.

"ಹಾಗಾದರೆ ನಾವು ಇದನ್ನು ಓದುವುದು ಎಂತಕ್ಕೆ ಮಾರಾಯ್ತಿ?" ಅಂತ ನೀವು ಕೇಳಬಹುದು. ಹೇಳುತ್ತೇನೆ. ಈ ಗಡ್ಡೆಯ ಲಕ್ಷಣ ಮತ್ತು ತಲೆಯೊಳಗಿನ ಬೇರೆ ತೊಂದರೆಗಳ ಲಕ್ಷಣ ಒಂದೇ ತರ. ಒಂದನ್ನು ತಿಳಿದರೆ ಹತ್ತಕ್ಕೆ ಬರುತ್ತದೆ.

ಯಾವ ತಲೆನೋವಿಗೆ ಹೆದರಬೇಕು?

ತಲೆನೋವು ಬಾರದ ಹೆಂಗಸು ಯಾರು? ಹಸಿದರೆ ಬರುತ್ತದೆ. ನಿದ್ದೆ ಕೆಟ್ಟರೆ ಬರುತ್ತದೆ. ಇಡೀ ದಿನ ತಲೆ ಬಗ್ಗಿಸಿ ಬೀಡಿ ಕಟ್ಟಿದರೆ ಬರುತ್ತದೆ. ಅಕ್ಷರ ಕಲಿತ ಮೇಲೆ ತಲೆನೋವು ಶುರುವಾಯಿತು ಅನ್ನುವವರೂ ಇದ್ದಾರೆ. ಅದು ಅಕ್ಷರದ ತಪ್ಪಲ್ಲ, ಕನ್ನಡಕ ಬೇಕಾಗಿದೆ ಅಷ್ಟೆ. ಇಂತಹ ತಲೆನೋವಿಗೆಲ್ಲ ಗಡ್ಡೆ ಅಂತ ಹೆದರಬೇಕಾಗಿಲ್ಲ.

ಬೇರೆ ತರದ ತಲೆನೋವು ಒಂದುಂಟು. ಬೆಳಗ್ಗೆ ಏಳುವಾಗಲೇ ಜೋರು ಇರುತ್ತದೆ. ಕೆಮ್ಮಿದರೆ, ಬಗ್ಗಿದರೆ ಹೆಚ್ಚುತ್ತದೆ. ಜೊತೆಗೆ ವಾಂತಿ. ದಿನ ಕಳೆದ ಹಾಗೆ ಹೆಚ್ಚುತ್ತಾ ಹೋಗುತ್ತದೆ. ಒಂದು ವಸ್ತು ಎರಡಾಗಿ ಕಾಣುತ್ತದೆ ಅಥವಾ ಕಣ್ಣು ಮಂಜಾಗುತ್ತದೆ. ಹಿಂದೆಂದೂ ಬಾರದ ಫಿಟ್ಸ್ ಬರುತ್ತದೆ. ಒಂದು ಕೈ ಅಥವಾ ಒಂದು ಕಾಲು ಸೋಲುತ್ತದೆ. ಬೆನ್ನುಹುರಿಯ ಪೊರೆಯಲ್ಲಿ ಗಡ್ಡೆ ಇದ್ದರೆ ಬೆನ್ನು ನೋಯುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ.

ಕೈಕೂಸು ತಲೆನೋವು ಅಂತ ಹೇಳಲಾರದು. ಅದರ ನೆತ್ತಿ ನೋಡಿ. ಮೆತ್ತಗಿರಬೇಕಾದ ನೆತ್ತಿ ಬಿಗಿದು ಉಬ್ಬಿದರೆ, ತಲೆ ಬೇಗ ಬೇಗ ದೊಡ್ಡದಾದರೆ, ಮಗು ಹಾಲು ಬಿಟ್ಟು ವಾಂತಿ ಮಾಡಿದರೆ, ಕಣ್ಣು ಗುಡ್ಡೆ ಕೆಳಗೇ ಇಳಿದು ನಿಂತರೆ ಕಾಯಬೇಡಿ. ಕಣಿಗೆ ಸೋಗೆ ಬಿದ್ದಿದೆ ಅಂತ ಅರ್ಥ. ಹರಿಯಬೇಕಾದ ನೀರು ತಲೆಯಲ್ಲೇ ನಿಂತಿದೆ.

ಇನ್ನು ಜ್ವರ, ತಲೆನೋವು, ಕುತ್ತಿಗೆ ಬಗ್ಗಿಸಲಾರದಷ್ಟು ಬಿಗಿ ಮೂರೂ ಒಟ್ಟಿಗೆ ಬಂದರೆ ಅದು ಹೆಚ್ಚಾಗಿ ಗಡ್ಡೆಯಲ್ಲ, ಇದೇ ಪೊರೆಗೆ ತಗಲಿದ ಸೋಂಕು. ಅದಕ್ಕಂತೂ ಒಂದು ರಾತ್ರಿಯೂ ಕಾಯುವಂತಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಎಂಆರ್‌ಐ ಎಂಬ ಯಂತ್ರದಲ್ಲಿ ಮಲಗಿಸಿ ತಲೆಯ ಚಿತ್ರ ತೆಗೆಯುತ್ತಾರೆ. ಅದು ಒಂದು ಗುಹೆಯ ಹಾಗೆ. ಒಳಗೆ ಡಬ ಡಬ ಅಂತ ದೊಡ್ಡ ಸದ್ದು. ನೋವು ಇಲ್ಲ. ಯಂತ್ರ ದೊಡ್ಡ ಅಯಸ್ಕಾಂತ. ಹಾಗಾಗಿ ಬಳೆ, ಕಾಲುಂಗುರ, ಕರಿಮಣಿ, ಹೇರ್‌ಪಿನ್ ಎಲ್ಲ ತೆಗೆದಿಡಬೇಕು. ಕರಿಮಣಿ ತೆಗೆಯಲು ಮನಸ್ಸು ಹಿಂಜರಿದರೆ ಗಂಡನ ಕೈಯಲ್ಲೇ ಕೊಟ್ಟು ಒಳಗೆ ಹೋಗಿ. ಸಣ್ಣ ಮಗುವಾದರೆ ಹಾಲು ಕುಡಿಸಿ ನಿದ್ದೆ ಬರಿಸಿ ಮಲಗಿಸುವುದುಂಟು. ಕೆಲವು ಮಕ್ಕಳಿಗೆ ನಿದ್ದೆಯ ಮದ್ದು ಬೇಕಾಗುತ್ತದೆ. ಆಗ ಎಷ್ಟು ಹೊತ್ತು ಹಾಲು ಕೊಡಬಾರದು ಅಂತ ಅವರೇ ಹೇಳುತ್ತಾರೆ. ಒಂದು ತಮಾಷೆ ಉಂಟು. ಮೆಲನಿನ್ ಕಪ್ಪು ಬಣ್ಣ ಅಲ್ಲವೇ? ಎಂಆರ್‌ಐಯ ಒಂದು ತರದ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಅದರಿಂದಲೇ ವೈದ್ಯರಿಗೆ ಸಂಶಯ ಬರುವುದು.

ಬೆನ್ನಿನ ಕೆಳಭಾಗದಿಂದ ಸೂಜಿ ಹಾಕಿ ಆ ತಿಳಿನೀರನ್ನು ಸ್ವಲ್ಪ ತೆಗೆದು ಪರೀಕ್ಷೆ ಮಾಡುವುದೂ ಉಂಟು. "ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ" ಅಂತ ಜನ ಹೆದರುತ್ತಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲೆ, ಅದರ ಕೆಳಗೆ. ತೆಗೆದ ನೀರು ಮತ್ತೆ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು, ಮಲಗಿದರೆ ಕಡಿಮೆಯಾಗುತ್ತದೆ. ಕೊನೆಗೆ ಗಡ್ಡೆಯ ಒಂದು ಚೂರು ತೆಗೆದು ನೋಡಿದರೆ ಯಾವ ತರದ್ದು ಎಂದು ತಿಳಿಯುತ್ತದೆ.

ಸೌಮ್ಯ ಗಡ್ಡೆಯನ್ನು ಆಪರೇಶನ್ ಮಾಡಿ ಪೂರ್ತಿ ತೆಗೆಯಲು ಆದರೆ ಹೆಚ್ಚಿನವರು ಬಹಳ ವರ್ಷ ಚೆನ್ನಾಗಿರುತ್ತಾರೆ. ಆದರೂ ವರ್ಷ ವರ್ಷ ತೋರಿಸಬೇಕು. ಮೆಲನೋಮಾ ಆದರೆ ಕಷ್ಟ. ಆಪರೇಶನ್, ಕರೆಂಟು ಕೊಡುವುದು ಅಂತ ನಾವು ಹೇಳುವ ವಿಕಿರಣ ಚಿಕಿತ್ಸೆ, ಮದ್ದು ಎಲ್ಲ ಇವೆ. ಮೈಯ ರಕ್ಷಣಾ ಶಕ್ತಿಯನ್ನೇ ಎಬ್ಬಿಸುವ ಹೊಸ ಇಂಜೆಕ್ಷನ್‌ಗಳೂ ಬಂದಿವೆ. ಕೆಲವರಿಗೆ ಇದರಿಂದ ಆಯುಷ್ಯ ಸಿಗುತ್ತದೆ. ಪೊರೆಯ ತುಂಬ ಹರಡಿದರೆ ಮಾತ್ರ ಉಳಿಸುವುದು ಬಹಳ ಕಷ್ಟ. ದೊಡ್ಡ ಮಚ್ಚೆಯ ಮಕ್ಕಳಲ್ಲಿ ಮಿದುಳಿನ ಲಕ್ಷಣ ಶುರುವಾಗಿ ಹೆಚ್ಚುತ್ತಾ ಹೋದರೆ ಅವರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಆದರೆ ಮಾಡುವುದಕ್ಕೆ ಏನೂ ಇಲ್ಲ ಅಂತಲ್ಲ. ನಿಂತ ನೀರನ್ನು ಹೊಟ್ಟೆಯ ಕಡೆಗೆ ಹರಿಸಲು ಚರ್ಮದ ಅಡಿಯಲ್ಲಿ ಸಣ್ಣ ಕೊಳವೆ ಹಾಕುತ್ತಾರೆ. ತಲೆನೋವು, ವಾಂತಿ ಇಳಿಯುತ್ತದೆ. ಮಗು ಮತ್ತೆ ನಗುತ್ತದೆ, ಹಾಲು ಕುಡಿಯುತ್ತದೆ. ಅಷ್ಟು ದಿನವಾದರೂ ಅದು ನೋವಿಲ್ಲದೆ ಇರಬೇಕಲ್ಲ?

ಅಂಗಾಲು ನೋಡಿಕೊಳ್ಳಿ

ಮಿದುಳಿನಲ್ಲಿ ಮೆಲನೋಮಾ ಸಿಕ್ಕಿದ ಕೂಡಲೇ ವೈದ್ಯರು ಇಡೀ ಮೈ ಹುಡುಕುತ್ತಾರೆ. ಕಣ್ಣು, ಬೆರಳ ಸಂದು, ಉಗುರು, ಅಂಗಾಲು. ಏಕೆಂದರೆ ಮಿದುಳಿನಲ್ಲೇ ಹುಟ್ಟಿದ್ದು ಅಪರೂಪ. ಬೇರೆ ಕಡೆ ಹುಟ್ಟಿ ಮಿದುಳಿಗೆ ಹೋದದ್ದೇ ಹೆಚ್ಚು. ಬಿಳಿಯ ಜನರಿಗೆ ಮೆಲನೋಮಾ ಹೆಚ್ಚಾಗಿ ಬಿಸಿಲು ಬಿದ್ದ ಚರ್ಮದಲ್ಲಿ ಬರುತ್ತದೆ. ನಮ್ಮಂತಹ ಕಪ್ಪು, ಗೋಧಿ ಬಣ್ಣದವರಿಗೆ ಅದು ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಹೆಚ್ಚು.

ಜಮೈಕಾ ಎಂಬ ದ್ವೀಪದಲ್ಲಿ ಬಾಬ್ ಮಾರ್ಲಿ ಎಂಬ ಹಾಡುಗಾರ ಇದ್ದ. ಲೋಕವೆಲ್ಲ ಅವನ ಹಾಡು ಕೇಳುತ್ತಿತ್ತು. 1977ರಲ್ಲಿ ಅವನ ಕಾಲಿನ ಹೆಬ್ಬೆರಳ ಉಗುರಿನ ಅಡಿ ಮೆಲನೋಮಾ ಸಿಕ್ಕಿತು. ಮೊದಲು ಚೆಂಡಾಟದ ಗಾಯ ಅಂತ ಅಂದುಕೊಂಡಿದ್ದರು. ಅದು ಶ್ವಾಸಕೋಶಕ್ಕೂ ಮಿದುಳಿಗೂ ಹರಡಿತು. 1981ರಲ್ಲಿ ಅವನು ತೀರಿಕೊಂಡ. ಆಗ ಅವನಿಗೆ 36 ವರ್ಷ.

ನಾವು ತೋಟದಲ್ಲಿ ಬರಿಗಾಲಿನಲ್ಲಿ ನಡೆಯುವವರು. ಕಾಲಿಗೆ ಅಡಿಕೆಯ ಚೊಗರು, ಗೇರುಹಣ್ಣಿನ ಸೊನೆ ಹಿಡಿದು ಕಪ್ಪಾಗುತ್ತದೆ. ಅದು ವಾರ ಎರಡು ವಾರದಲ್ಲಿ ಹೋಗುತ್ತದೆ. ಹೋಗದ ಕಪ್ಪನ್ನು ಗಮನಿಸಿ. ಅಂಚು ಸರಿಯಿಲ್ಲದ ಕಪ್ಪು, ಎರಡು ಮೂರು ಬಣ್ಣ ಇರುವ ಕಪ್ಪು, ಹಿಗ್ಗುತ್ತಾ ಹೋಗುವ ಕಪ್ಪು, ಕೀವಿಲ್ಲದೆ ರಕ್ತ ಬರುವ ಕಪ್ಪು, ಉಗುರಿನಲ್ಲಿ ಅಗಲವಾಗುತ್ತಾ ಹೋಗುವ ಗೆರೆ, ಇವನ್ನು ಡಾಕ್ಟರಿಗೆ ತೋರಿಸಿ. ಸುಣ್ಣ ಸೋಡಾ ಹಚ್ಚಬೇಡಿ. ಬ್ಲೇಡಿನಿಂದ ಕೆರೆಯಬೇಡಿ. ಕುದುರೆ ಕೂದಲು ಕಟ್ಟಬೇಡಿ. ಮಗುವಿನ ಮಚ್ಚೆಗಂತೂ ಏನನ್ನೂ ಹಚ್ಚಬೇಡಿ.

ಎಲ್ಲಿಗೆ ಹೋಗುವುದು?

ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಪುತ್ತೂರು, ಸುಳ್ಯದಲ್ಲಿ ತಾಲೂಕು ಆಸ್ಪತ್ರೆ ಉಂಟು. ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರ. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಮಂಗಳೂರಿನಲ್ಲಿ ಸರಕಾರದ ವೆನ್ಲಾಕ್ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳು ಇವೆ. ಇಂತಹ ಅಪರೂಪದ ಗಡ್ಡೆಗೆ ಬೆಂಗಳೂರಿಗೆ ಕಳಿಸುವುದುಂಟು. ಅಲ್ಲಿ ಮಿದುಳಿನ ಕಾಯಿಲೆಗೆ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ. ಎರಡೂ ಹತ್ತಿರ ಹತ್ತಿರವೇ ಇವೆ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ರಸ್ತೆ ಮುಚ್ಚುವುದುಂಟು. ಹೊರಡುವ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಳ್ಳಿ.

ದುಡ್ಡಿನ ಚಿಂತೆಗೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಉಂಟು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಹಾಯ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಬೇಕು. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡೇ ಹೋಗಿ. ತುರ್ತು ಇದ್ದರೆ ಚೀಟಿಗೆ ಕಾಯಬೇಡಿ.

ಹೋಗುವಾಗ ಒಂದು ಸಣ್ಣ ನೋಟುಪುಸ್ತಕ ಹಿಡಿದುಕೊಳ್ಳಿ. ಡಾಕ್ಟರು "ಎಷ್ಟು ದಿನದಿಂದ?" ಅಂತ ಕೇಳುತ್ತಾರೆ. ಗಾಬರಿಯಲ್ಲಿ ನೆನಪಾಗುವುದಿಲ್ಲ. ಈಗ ನಿಮಗೆ ಬರೆಯಲು ಬರುತ್ತದಲ್ಲ, ಮನೆಯಲ್ಲೇ ಬರೆದಿಡಿ. ಮಚ್ಚೆಯನ್ನು ನೂಲಿನಿಂದ ಅಳೆದು, ಆ ನೂಲನ್ನು ಮಕ್ಕಳ ಸ್ಕೇಲಿನ ಮೇಲೆ ಇಟ್ಟು ನೋಡಿ. ಹೀಗೆ ಬರೆದರೆ ಸಾಕು:

ಜೂನ್ 3. ಬೆಳಗ್ಗೆ ತಲೆನೋವು. ಒಂದು ಸಲ ವಾಂತಿ. ಹತ್ತು ಗಂಟೆಗೆ ಕಡಿಮೆ.

ಜೂನ್ 5. ಬೆಳಗ್ಗೆ ಮತ್ತೆ ತಲೆನೋವು. ವಾಂತಿ ಎರಡು ಸಲ. ದೀಪ ಎರಡಾಗಿ ಕಂಡಿತು.

ಮಗುವಿನ ಬೆನ್ನಿನ ಮಚ್ಚೆ. ಉದ್ದ 11 ಸೆಂಟಿಮೀಟರ್. ಅಗಲ 7. ಸುತ್ತ ಸಣ್ಣವು 14.

ಮಗುವಿನ ತಾಯಿ ಕಾರ್ಡು ಇಡುವ ಪ್ಲಾಸ್ಟಿಕ್ ಚೀಲದಲ್ಲಿಯೇ ಈ ಪುಸ್ತಕವನ್ನೂ ಇಡಿ. ಎಂಆರ್‌ಐ ಚಿತ್ರ ತೆಗೆದ ಮೇಲೆ ಆ ಲಕೋಟೆಯನ್ನೂ ಅದರ ಜೊತೆಗೇ ಇಡಿ. ಮುಂದಿನ ಡಾಕ್ಟರು ಮೊದಲು ಕೇಳುವುದು ಹಳೆಯ ಚಿತ್ರವನ್ನೇ.